ಗಿಟ್ ಕಲಿಯೋಕೆ ಕೋಡ್ ಬೇಡ, ನಿಮ್ಮ ಕನ್ನಡ ಬರಹವೇ ಸಾಕು

ಗಿಟ್ ಅಂದ್ರೆ ಫೈಲ್‌ಗಳಲ್ಲಿ ಆಗೋ ಬದಲಾವಣೆಗಳನ್ನೆಲ್ಲ ನೆನಪಿಟ್ಕೊಳ್ಳೋ ಸಾಫ್ಟ್‌ವೇರ್. ಅದನ್ನ ಕಲೀಬೇಕು ಅಂತ ಕೇಳೋ ಜೂನಿಯರ್ಸ್‌ಗೆಲ್ಲ ನಾನು ಹೇಳೋದು ಒಂದೇ, ನೀವು ಮಾಡ್ತಿರೋ ಪ್ರಾಜೆಕ್ಟ್ ಬಗ್ಗೆ ದಿನಾ ನಾಲ್ಕು ಸಾಲು ಕನ್ನಡದಲ್ಲಿ ಬರೀರಿ, ಆ ಬರಹವನ್ನೇ ಗಿಟ್‌ನಲ್ಲಿಡಿ. ಕೋಡ್‌ನಲ್ಲಿ ಏನು ಬದಲಾಯ್ತು ಅಂತ ಹುಡುಕೋದು ಹೊಸಬರಿಗೆ ಕಷ್ಟ, ಆದ್ರೆ ತಾವೇ ಬರೆದ ವಾಕ್ಯ ಬದಲಾದ್ರೆ ಕಣ್ಣಿಗೆ ತಕ್ಷಣ ಬೀಳುತ್ತೆ.

ನಾನು ಈಗ ತೋಟದ ಮೋಟಾರ್‌ಗೆ ಮಣ್ಣಿನ ತೇವ ನೋಡಿ ಆನ್ ಆಫ್ ಮಾಡೋ ಒಂದು ಸಣ್ಣ ಸರ್ಕ್ಯೂಟ್ ಮಾಡ್ತಿದೀನಿ, ಕೋಡ್ ಇರೋ ಫೋಲ್ಡರ್‌ನಲ್ಲೇ ನೋಟ್ಸ್ ಅಂತ ಇನ್ನೊಂದು ಫೋಲ್ಡರ್, ಅದರೊಳಗೆ ಮಾರ್ಕ್‌ಡೌನ್ (ಸರಳ ಗುರುತು ಹಾಕಿ ಬರೆಯೋ ಟೆಕ್ಸ್ಟ್) ಫೈಲ್‌ಗಳು, ಅಷ್ಟೇ. ಗಿಟ್ ಇನಿಟ್ (git init) ಅನ್ನೋ ಕಮಾಂಡ್ ಕೊಟ್ರೆ ಶುರು, ಇದಕ್ಕೆ ಇಂಟರ್ನೆಟ್ಟೂ ಬೇಡ ಅಕೌಂಟೂ ಬೇಡ. ಗಿಟ್ ಅನ್ನೋದನ್ನ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಕೆಲಸಕ್ಕೆ ಅಂತ ಬರೆದಿದ್ದು 2005ರಲ್ಲಿ, ಗಿಟ್‌ನಲ್ಲಿರೋದನ್ನ ಆನ್‌ಲೈನ್‌ನಲ್ಲಿ ಇಡೋ ಸೈಟ್ ಗಿಟ್‌ಹಬ್ ಬಂದಿದ್ದು 2008ರಲ್ಲಿ, ಎರಡೂ ಒಂದೇ ಅಂತ ತಿಳ್ಕೊಂಡಿರೋರು ತುಂಬಾ ಜನ ಇದಾರೆ.

ಎಲ್ರೂ ಎಡವೋದು ಆಡ್ ಮತ್ತೆ ಕಮಿಟ್ ಯಾಕೆ ಎರಡು ಬೇರೆ ಬೇರೆ ಅನ್ನೋ ಕಡೆ. ಅಂಗಡೀಲಿ ಬಿಲ್ ಹಾಕ್ಸೋಕೆ ಮುಂಚೆ ಬೇಕಾದ ಸಾಮಾನಷ್ಟೇ ಕೌಂಟರ್ ಮೇಲೆ ಇಡ್ತೀವಲ್ಲ, ಆಡ್ ಅಂದ್ರೆ ಅದು, ಕಮಿಟ್ ಅಂದ್ರೆ ಬಿಲ್ ಹಾಕ್ಸೋದು, ಅಂದ್ರೆ ಆರಿಸಿದ್ದನ್ನ ಗಿಟ್‌ನಲ್ಲಿ ದಾಖಲು ಮಾಡೋದು. ಸೆನ್ಸರ್ ಬಗ್ಗೆನೂ ಬರೆದಿದೀರಿ, ಮೋಟಾರ್ ಆನ್ ಆಫ್ ಮಾಡೋ ಸ್ವಿಚ್ ಅಂದ್ರೆ ರಿಲೇ ಬಗ್ಗೆನೂ ಬರೆದಿದೀರಿ ಅಂದ್ರೆ ಎರಡನ್ನೂ ಒಂದೇ ಕಮಿಟ್‌ಗೆ ತುರುಕ್ಬೇಡಿ. ಇನ್ನು ಕಮಿಟ್ ಜೊತೆ ಬರೆಯೋ ಟಿಪ್ಪಣಿ, ಅಂದ್ರೆ ಕಮಿಟ್ ಮೆಸೇಜ್, ಇದು ನನಗೆ ತುಂಬಾ ಮುಖ್ಯ. "ಮಿತಿ ಬದಲಾಯ್ಸಿದೆ" ಅಂತ ಬರೆದ್ರೆ ಏನೂ ಹೇಳ್ದಂಗಾಗಲಿಲ್ಲ, ಏನು ಬದಲಾಯ್ತು ಅಂತ ಹಳೇದು ಹೊಸದು ಹೋಲಿಸೋ ಡಿಫ್ ಹೇಗೂ ತೋರ್ಸುತ್ತೆ. "ಮಳೆ ಬಂದ್ಮೇಲೂ ಮೋಟಾರ್ ಆನ್ ಆಗ್ತಿತ್ತು, ಅದಕ್ಕೆ ತೇವದ ಮಿತಿ ಇಳಿಸಿದೆ" ಅಂತ ಬರೀರಿ, ಯಾಕೆ ಅನ್ನೋದು ನಿಮ್ಮ ತಲೇಲಿ ಮಾತ್ರ ಇರುತ್ತೆ, ಗಿಟ್‌ಗೆ ಅದು ಗೊತ್ತಾಗಲ್ಲ.

ಕನ್ನಡದಲ್ಲಿ ಬರೆಯೋರಿಗೆ ಎರಡು ವಿಷಯ ಹೇಳಲೇಬೇಕು, ಇದನ್ನ ಇಂಗ್ಲಿಷ್ ಟ್ಯುಟೋರಿಯಲ್‌ನಲ್ಲಿ ಸಾಮಾನ್ಯವಾಗಿ ಹೇಳಲ್ಲ. ಫೈಲ್ ಹೆಸರು ಕನ್ನಡದಲ್ಲಿದ್ರೆ ಯಾವ ಫೈಲ್ ಬದಲಾಗಿದೆ ಅಂತ ತೋರ್ಸೋ ಗಿಟ್ ಸ್ಟೇಟಸ್‌ನಲ್ಲಿ ಹೆಸರಿನ ಬದಲು ಬ್ಯಾಕ್‌ಸ್ಲ್ಯಾಶ್ 340, 262 ಅಂತ ಬರೀ ನಂಬರ್ ಸಾಲು ಬರುತ್ತೆ, ಗಾಬರಿ ಬೇಡ, ಫೈಲ್ ಹಾಳಾಗಿಲ್ಲ, ಗಿಟ್‌ನ ಸೆಟ್ಟಿಂಗ್ಸ್ ಅಂದ್ರೆ ಕಾನ್ಫಿಗ್‌ನಲ್ಲಿ ಕೋರ್ ಡಾಟ್ ಕೋಟ್‌ಪಾತ್ (core.quotepath) ಅನ್ನೋದನ್ನ ಫಾಲ್ಸ್ ಮಾಡಿದ್ರೆ ಕನ್ನಡ ಹೆಸರೇ ಕಾಣುತ್ತೆ. ಇನ್ನೊಂದು, ಡಿಫ್ ನೋಡೋದು ಸಾಲು ಸಾಲಾಗಿ, ಇಡೀ ಪ್ಯಾರಾ ಒಂದೇ ಸಾಲಲ್ಲಿದ್ರೆ ಒಂದು ಕೊಂಬು ತಿದ್ದಿದ್ರೂ ಇಡೀ ಪ್ಯಾರಾ ಕೆಂಪು ಹಸಿರು (ತೆಗೆದಿದ್ದು ಕೆಂಪು, ಸೇರಿಸಿದ್ದು ಹಸಿರು) ಆಗಿಬಿಡುತ್ತೆ. ಅದಕ್ಕೆ ವಾಕ್ಯ ಮುಗಿದ ತಕ್ಷಣ ಎಂಟರ್ ಹೊಡೀರಿ, ಮಾರ್ಕ್‌ಡೌನ್‌ನಲ್ಲಿ ಸಾಮಾನ್ಯವಾಗಿ ಅದು ಒಂದೇ ಪ್ಯಾರಾ ಆಗೇ ಕಾಣುತ್ತೆ. ಇಲ್ಲಾಂದ್ರೆ ಡಿಫ್ ಜೊತೆ ವರ್ಡ್-ಡಿಫ್ (--word-diff) ಆಪ್ಷನ್ ಕೊಡಿ, ಬದಲಾದ ಪದ ಮಾತ್ರ ತೋರ್ಸುತ್ತೆ, ಈ ಆಪ್ಷನ್ ನಂಗೆ ಬಹಳ ಇಷ್ಟ.

ಬ್ರಾಂಚು, ಮರ್ಜು ಎಲ್ಲ ಆಮೇಲೆ ಬೇಕಾದಾಗ ಬರುತ್ತೆ. ಆದ್ರೆ ಗಿಟ್‌ಹಬ್‌ಗೆ ಪುಶ್ ಅಂದ್ರೆ ಅಪ್‌ಲೋಡ್ ಮಾಡೋ ಮುಂಚೆ ವೈಫೈ ಪಾಸ್‌ವರ್ಡ್ ಇರೋ ಫೈಲ್ ಹೆಸರನ್ನ ಗಿಟ್ ಮುಟ್ಟಬಾರದ ಫೈಲ್‌ಗಳ ಪಟ್ಟಿ ಅಂದ್ರೆ ಗಿಟ್‌ಇಗ್ನೋರ್‌ಗೆ (.gitignore) ಸೇರಿಸಿ, ಅದೂ ಮೊದಲ ಕಮಿಟ್‌ಗಿಂತ ಮುಂಚೆನೇ. ಒಂದ್ಸಲ ಒಳಗೆ ಹೋಯ್ತು ಅಂದ್ರೆ ಆಮೇಲೆ ಡಿಲೀಟ್ ಮಾಡಿದ್ರೂ ಹಳೇ ಕಮಿಟ್‌ನಲ್ಲಿ ಇದ್ದೇ ಇರುತ್ತೆ, ಅದನ್ನ ನೋಡೋ ಅನುಮತಿ ಇರೋ ಯಾರು ಬೇಕಾದ್ರೂ ತೆಗೆದು ನೋಡ್ಬಹುದು. ಹಂಗೇನಾದ್ರೂ ಆಗಿದ್ರೆ ಮೊದ್ಲು ಪಾಸ್‌ವರ್ಡ್ ಬದಲಾಯ್ಸಿ, ಹಿಸ್ಟರಿ ಕ್ಲೀನ್ ಮಾಡೋದು ಆಮೇಲೆ ನೋಡ್ಕೊಳ್ಳೋಣ.