ಡಬ್ಬದ ಮೇಲೆ 80 ವ್ಯಾಟ್, ಫೋನಿಗೆ ಸೇರುವುದು 10: ರಿಪೇರಿ ಬೆಂಚಿನ ಪಾಠ

ಚಾರ್ಜ್ ನಿಧಾನ ಎಂದು ಫೋನ್ ಬಂದ ಕೂಡಲೇ ಬ್ಯಾಟರಿ ಬದಲಾಯಿಸಲು ಹೊರಡುವುದು ಈ ಕೆಲಸ ಹೊಸದಾಗಿ ಕಲಿಯುವವರ ಅಭ್ಯಾಸ. ಎಷ್ಟೋ ಸಲ ಬ್ಯಾಟರಿಯಲ್ಲಿ ಏನೂ ತಪ್ಪಿರುವುದಿಲ್ಲ. ಹಿಂಬದಿ ಬಿಚ್ಚುವ ಮೊದಲು ಆ ಕಂಪನಿ ಯಾವ ದಾರಿಯಲ್ಲಿ ವೇಗ ತಂದಿದೆ ಎಂದು ಗೊತ್ತಿರಬೇಕು. ಪೈಪೋಟಿಯಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಕೆಡುವ ಜಾಗವೂ ಅದಕ್ಕೆ ತಕ್ಕಂತೆ ಬೇರೆಯಾಯಿತು.

ಯುಎಸ್‌ಬಿ 2.0 ಪೋರ್ಟ್ ಕೊಡುತ್ತಿದ್ದುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಕ್ವಾಲ್ಕಾಮ್‌ನ ಕ್ವಿಕ್ ಚಾರ್ಜ್ 2.0 ವೋಲ್ಟೇಜನ್ನು 9ಕ್ಕೆ, 12ಕ್ಕೆ ಏರಿಸಿತು. ಒಪ್ಪೋ 2014ರಲ್ಲಿ ಫೈಂಡ್ 7 ಫೋನಿನ ಜೊತೆ ತಂದ ವೂಕ್ ಎಂಬ ಚಾರ್ಜಿಂಗ್ ಪದ್ಧತಿ ಇದಕ್ಕೆ ತದ್ವಿರುದ್ಧ: ವೋಲ್ಟೇಜ್ 5ರ ಆಸುಪಾಸಿನಲ್ಲೇ ಉಳಿಯಿತು, ಏರಿದ್ದು ಕರೆಂಟ್. ಬಿಸಿಯಾಗುವ ಕೆಲಸ ಬಹುಪಾಲು ಅಡಾಪ್ಟರಿಗೆ ಹೋಯಿತು, ಫೋನು ತಣ್ಣಗಿತ್ತು. ಅದಕ್ಕೆ ಪ್ರತಿಯಾಗಿ ದಪ್ಪ ತಂತಿಯ, ಹೆಚ್ಚುವರಿ ಪಿನ್ ಇರುವ ಸ್ವಂತ ಕೇಬಲ್ ಬೇಕಾಯಿತು. 2018ರ ಸೂಪರ್‌ವೂಕ್‌ನಲ್ಲಿ ಎರಡು ಸೆಲ್‌ಗಳನ್ನು ಸೀರೀಸಿನಲ್ಲಿ ಜೋಡಿಸಿ 10 ವೋಲ್ಟ್, 5 ಆಂಪಿಯರ್, 50 ವ್ಯಾಟ್. 2023ರಲ್ಲಿ ರಿಯಲ್‌ಮಿ ಜಿಟಿ ನಿಯೊ 5 ಬರುವ ಹೊತ್ತಿಗೆ ಅಂಕಿ 240 ಮುಟ್ಟಿತ್ತು. ಸ್ಯಾಮ್‌ಸಂಗ್ ಮತ್ತು ಗೂಗಲ್ ಈ ಓಟಕ್ಕೆ ಇಳಿಯದೆ ಎಲ್ಲರಿಗೂ ತೆರೆದಿರುವ, ಯುಎಸ್‌ಬಿ ಪವರ್ ಡೆಲಿವರಿ (ಪಿಡಿ) ಮಾನದಂಡದ ಭಾಗವಾದ ಪಿಪಿಎಸ್ ಪದ್ಧತಿ ಹಿಡಿದವು. ಅದರಲ್ಲಿ ಫೋನು 20 ಮಿಲಿವೋಲ್ಟಿನ ಮೆಟ್ಟಿಲುಗಳಲ್ಲಿ ತನಗೆ ಬೇಕಾದ ವೋಲ್ಟೇಜ್ ಕೇಳುತ್ತದೆ.

2020ರ ಅಕ್ಟೋಬರಿನಲ್ಲಿ ಆ್ಯಪಲ್ ಡಬ್ಬದಿಂದ ಅಡಾಪ್ಟರ್ ತೆಗೆಯಿತು, ಮರುವರ್ಷ ಸ್ಯಾಮ್‌ಸಂಗ್ ಕೂಡ ಅದೇ ದಾರಿ ಹಿಡಿಯಿತು. ಅಂದಿನಿಂದ ಮನೆಯಲ್ಲಿ ಒಬ್ಬರ ಅಡಾಪ್ಟರಿಗೆ ಇನ್ನೊಬ್ಬರ ಕೇಬಲ್. ಎರಡರ ಭಾಷೆ ಹೊಂದದಿದ್ದರೆ ಫೋನು 5 ವೋಲ್ಟಿಗೆ ಇಳಿದು 10 ವ್ಯಾಟಿನ ಸುತ್ತಮುತ್ತ ಎಳೆಯುತ್ತದೆ. ಕೆಟ್ಟಿರುವುದು ಏನೂ ಇಲ್ಲ.

ಪರೀಕ್ಷೆ ಹೀಗಿರಲಿ. ಬ್ಯಾಟರಿ ಶೇ 10ರಿಂದ 40ರ ನಡುವೆ ಇರಬೇಕು, ಸ್ಕ್ರೀನ್ ಆಫ್, ಫೋನು ಕೈಗೆ ಬಿಸಿ ತಾಗಬಾರದು. ಶೇ 80 ದಾಟಿದ ಲಿಥಿಯಂ ಬ್ಯಾಟರಿ ತಾನಾಗಿಯೇ ಕರೆಂಟ್ ಇಳಿಸಿಕೊಳ್ಳುತ್ತದೆ, 45 ಡಿಗ್ರಿಯ ಸುತ್ತ ಫೋನು ಚಾರ್ಜನ್ನೇ ತಡೆಯುತ್ತದೆ. ಆ ಸ್ಥಿತಿಯಲ್ಲಿ ಅಳೆದದ್ದಕ್ಕೆ ಬೆಲೆಯಿಲ್ಲ. ಯುಎಸ್‌ಬಿ ಮೀಟರ್ ನಡುವೆ ಇಟ್ಟರೆ ಪಿಡಿ, ಪಿಪಿಎಸ್ ಸರಿಯಾಗಿ ಕಾಣಿಸುತ್ತವೆ. ವೂಕ್ ಥರದ ಸ್ವಂತ ಪದ್ಧತಿಗಳಲ್ಲಿ ಮಾತ್ರ ಎಚ್ಚರ: ಮೀಟರ್ ಎಲ್ಲ ಪಿನ್‌ಗಳನ್ನು ದಾಟಿಸದಿದ್ದರೆ ಮೀಟರೇ ವೇಗ ಕೆಡಿಸಿರುತ್ತದೆ. ಮೀಟರ್ ತೆಗೆದು ಸ್ಕ್ರೀನಿನ ಮೇಲೆ ಬರುವ ಫಾಸ್ಟ್ ಚಾರ್ಜಿಂಗ್ ಗುರುತನ್ನೂ ಒಮ್ಮೆ ನೋಡಿ.

ಮೊದಲು ಕೇಬಲ್. ಎರಡೂ ತುದಿ ಟೈಪ್-ಸಿ ಇರುವ ಸಾಮಾನ್ಯ ಕೇಬಲಿಗೆ 3 ಆಂಪಿಯರ್ ಮಿತಿ. 5 ಆಂಪಿಯರ್ ಸಾಗಬೇಕಾದರೆ ಪ್ಲಗ್ಗಿನೊಳಗೆ ಇ-ಮಾರ್ಕರ್ ಚಿಪ್ ಇರಬೇಕು. ಗ್ಯಾಲಕ್ಸಿ ಎಸ್22 ಅಲ್ಟ್ರಾದಂಥ ಫೋನಿಗೆ 45 ವ್ಯಾಟಿನ ಅಡಾಪ್ಟರ್ ಕೊಂಡು ಹಳೆಯ ಕೇಬಲನ್ನೇ ಹಾಕಿದರೆ 25ಕ್ಕೇ ನಿಲ್ಲುತ್ತದೆ.

ಆಮೇಲೆ ಪೋರ್ಟ್. ಪ್ಲಗ್ ಟಕ್ ಎಂದು ಕೂರದಿದ್ದರೆ ಒಳಗೆ ಜೇಬಿನ ನೂಲು ಒತ್ತಿಕೊಂಡಿದೆ. ಫೋನ್ ಆಫ್ ಮಾಡಿ, ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ನೂಲು ಎತ್ತಿ, ಶೇ 99ರ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತಾಗಿಸಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ. ಪಿನ್ನು, ಸೂಜಿ ಬೇಡ. ಒಂದು ಮಗ್ಗುಲಲ್ಲಿ ಚಾರ್ಜ್ ಆಗಿ ಪ್ಲಗ್ ತಿರುಗಿಸಿದರೆ ಆಗದಿದ್ದರೆ ಪ್ಲಗ್ ಯಾವ ಮಗ್ಗುಲಲ್ಲಿದೆ ಎಂದು ಗುರುತಿಸುವ ಸಿಸಿ1 ಅಥವಾ ಸಿಸಿ2 ಪಿನ್ ಸವೆದಿದೆ ಎಂದೇ ಹಿಡಿಯಿರಿ. ಚಾರ್ಜ್ ಆಗುತ್ತಿದ್ದೂ ಅರ್ಧ ಆಂಪಿಯರ್ ದಾಟದಿದ್ದರೆ ಡೇಟಾ ಪಿನ್‌ಗಳಾದ ಡಿ ಪ್ಲಸ್, ಡಿ ಮೈನಸ್ ನೋಡಿ. ಅವು ಕೈಕೊಟ್ಟರೆ ಫೋನು ಅಡಾಪ್ಟರನ್ನು ಕಂಪ್ಯೂಟರಿನ ಯುಎಸ್‌ಬಿ ಪೋರ್ಟ್ ಎಂದುಕೊಳ್ಳುತ್ತದೆ. ಪಿನ್ ಮೇಲೆ ಹಸಿರು ಕಂಡರೆ ನೀರಿನ ಪಸೆ ಇರುವಾಗಲೇ ಚಾರ್ಜಿಗೆ ಹಾಕಿದ್ದಾರೆ.

ಪೋರ್ಟಿನ ಕೊಳೆಯನ್ನು ಸಣ್ಣದೆಂದು ಬಿಡಬೇಡಿ. ತಾಗುವ ಜಾಗದಲ್ಲಿ 50 ಮಿಲಿಓಮ್ ತಡೆಯಿದ್ದರೆ 2 ಆಂಪಿಯರಿಗೆ ಹುಟ್ಟುವ ಬಿಸಿ 0.2 ವ್ಯಾಟ್, 6 ಆಂಪಿಯರಿಗೆ 1.8 ವ್ಯಾಟ್. ಕರೆಂಟ್ ಮೂರು ಪಟ್ಟಾದರೆ ಬಿಸಿ ಒಂಬತ್ತು ಪಟ್ಟು. ಹಳೆಯ ಫೋನುಗಳು ಸಹಿಸಿಕೊಳ್ಳುತ್ತಿದ್ದ ಕೊಳೆ ಈಗಿನ ಫೋನುಗಳ ಪ್ಲಗ್ ಕರಗಿಸುವುದು ಇದಕ್ಕೇ.

ಪೋರ್ಟ್ ಶುದ್ಧವಿದ್ದರೂ ವೇಗವಿಲ್ಲದಿದ್ದರೆ ಸಿ.ಸಿ. ಬೋರ್ಡ್, ಅಂದರೆ ಚಾರ್ಜಿಂಗ್ ಪೋರ್ಟೂ ಮೈಕೂ ಕೂರುವ ಪುಟ್ಟ ಬೋರ್ಡ್, ನೋಡಬೇಕು. ಇಲ್ಲೇ ಹೆಚ್ಚು ದುಡ್ಡು ಹಾಳಾಗುವುದು. ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ಯಾವ ಊರಿನ ಮಾರುಕಟ್ಟೆಯಿರಲಿ, ಒಂದೇ ಮಾಡೆಲಿಗೆ ಎರಡು ದರದ ಬೋರ್ಡ್ ಸಿಗುತ್ತವೆ. ಅಗ್ಗದ್ದರಲ್ಲಿ ಫಾಸ್ಟ್ ಚಾರ್ಜಿಂಗ್ ಐಸಿ (ಚಿಪ್) ಇರುವುದಿಲ್ಲ. ಚಾರ್ಜ್ ಆಗುತ್ತದೆ, ಮೈಕ್ ಕೆಲಸ ಮಾಡುತ್ತದೆ, ವೇಗ ಮಾತ್ರ ಬರುವುದಿಲ್ಲ. "ವಿತ್ ಐಸಿ" ಎಂದು ಕೇಳಿ, ಹಳೆಯ ಬೋರ್ಡನ್ನು ಪಕ್ಕದಲ್ಲಿಟ್ಟು ಚಿಪ್‌ಗಳನ್ನು ಹೋಲಿಸಿಯೇ ಹಣ ಕೊಡಿ. ಅಲ್ಲಿಂದ ಮೇನ್ ಬೋರ್ಡಿಗೆ ಹೋಗುವ ಫ್ಲೆಕ್ಸ್ (ತೆಳು ಪಟ್ಟಿ ಕೇಬಲ್) ಮಡಿಕೆಯಲ್ಲಿ ಸೀಳಿದ್ದರೂ ಲಕ್ಷಣ ಇದೇ.

ಬ್ಯಾಟರಿ ಕೊನೆಗೆ. ಲೇಬಲ್ ಓದಿ: 3.85 ವೋಲ್ಟಿನ ಆಸುಪಾಸಿದ್ದರೆ ಒಂದೇ ಸೆಲ್ಲಿನ ವೋಲ್ಟೇಜ್, 7.7ರ ಆಸುಪಾಸಿದ್ದರೆ ಸೀರೀಸಿನಲ್ಲಿ ಎರಡು. ಆಕಾರ ಹೊಂದಿತೆಂದು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವಂತೆಯೇ ಇಲ್ಲ. ಶಾಖ ಅಳೆಯುವ ಥರ್ಮಿಸ್ಟರಿನ ಬದಲು ಮಾಮೂಲಿ ರೆಸಿಸ್ಟರ್ ಕೂರಿಸಿದ ಕಾಪಿ ಬ್ಯಾಟರಿಗಳೂ ಸಿಗುತ್ತವೆ. ಅವು ಸದಾ 25 ಡಿಗ್ರಿ ಎಂದೇ ಫೋನಿಗೆ ಹೇಳುತ್ತಿರುತ್ತವೆ. 80 ವ್ಯಾಟ್ ನುಗ್ಗುವ ಫೋನಿನಲ್ಲಿ ಇದು ಬೆಂಕಿಗೆ ದಾರಿ, ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ತೆಗೆಯುವಾಗ ಚಾರ್ಜ್ ಶೇ 25ಕ್ಕಿಂತ ಕೆಳಗಿರಲಿ, ಅಂಟಿಗೆ ಐಪಿಎ ಹನಿಸಿ, ಲೋಹದ ಪಟ್ಟಿಯಿಂದ ಮೀಟಬೇಡಿ.

ಈಗ ಓಟ ವ್ಯಾಟಿನಿಂದ ಬ್ಯಾಟರಿಯ ಗಾತ್ರದ ಕಡೆಗೆ ತಿರುಗಿದೆ. 2025ರ ಜನವರಿಯಲ್ಲಿ ಭಾರತಕ್ಕೆ ಬಂದ ಒನ್‌ಪ್ಲಸ್ 13ರಲ್ಲಿ ಸಿಲಿಕಾನ್-ಕಾರ್ಬನ್ ಆ್ಯನೋಡಿನ 6000 ಎಂಎಎಚ್ ಬ್ಯಾಟರಿಯಿದೆ. ಸಿಲಿಕಾನ್ ಚಾರ್ಜ್ ಆಗುವಾಗ ಗ್ರಾಫೈಟಿಗಿಂತ ಬಹಳ ಹೆಚ್ಚು ಉಬ್ಬುವ ಪದಾರ್ಥ. ಹಾಗಾಗಿ ಹಿಂಬದಿ ಎದ್ದಿದೆಯೇ ಎಂದು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡುವುದು ಇಂಥ ಫೋನುಗಳಲ್ಲಿ ತಪ್ಪಬಾರದು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, 800 ಸುತ್ತು ಚಾರ್ಜ್ ಆದ ಮೇಲೂ ಶೇ 80 ಸಾಮರ್ಥ್ಯ ಉಳಿಯಬೇಕೆಂಬ ನಿಯಮ ಬಂದಿದೆ. ಕಂಪನಿಗಳು ವ್ಯಾಟ್ ಬಿಟ್ಟು ಬಾಳಿಕೆಯಲ್ಲಿ ಪೈಪೋಟಿಗೆ ಇಳಿಯಲಿ ಎಂಬುದೇ ನಮ್ಮ ಆಸೆ.

ಹೊಸ ಭಾಗ ಹಾಕಿದ ಮೇಲೆ ಹಿಂಬದಿಗೆ ಅಂಟು ಹಚ್ಚುವ ಮೊದಲೇ ಪ್ಲಗ್ಗನ್ನು ಎರಡೂ ಮಗ್ಗುಲಲ್ಲಿ ಹಾಕಿ ನೋಡಿ, ಹತ್ತು ನಿಮಿಷ ಪೂರ್ಣ ವೇಗದಲ್ಲಿ ಚಾರ್ಜ್ ಮಾಡಿ, ಪೋರ್ಟಿನ ಜಾಗವನ್ನೂ ಬ್ಯಾಟರಿಯ ಕನೆಕ್ಟರನ್ನೂ ಮುಟ್ಟಿ ಬಿಸಿ ಪರೀಕ್ಷಿಸಿ.