ಐವತ್ತಕ್ಕೆ ನಿಲ್ಲುವ ಅಂಕಿಗಳು

ಯಂತ್ರವೊಂದರ ಬಳಕೆಯ ಕೈಪಿಡಿಯನ್ನು ತಿದ್ದಿ ಅಚ್ಚಿಗೆ ಅಣಿಗೊಳಿಸುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಅದರ ಚಿತ್ರಗಳಲ್ಲಿ ಪ್ರತಿಯೊಂದು ಬಿಡಿಭಾಗದಿಂದಲೂ ಗೆರೆ ಎಳೆದು, ಗೆರೆಯ ತುದಿಯಲ್ಲಿ ವೃತ್ತದೊಳಗೆ ಒಂದು ಅಂಕಿಯನ್ನು ಇಟ್ಟಿದ್ದರು. ಕೆಳಗಿನ ವಿವರಣೆಯಲ್ಲಿಯೂ ಅದೇ ಅಂಕಿಗಳು ವಾಕ್ಯದ ನಡುವೆ ಬರಬೇಕಿತ್ತು. ಅಳತೆ, ಸುತ್ತು, ನಿಮಿಷ ಎಂದು ಬೇರೆ ಸಂಖ್ಯೆಗಳೂ ಆ ವಾಕ್ಯಗಳಲ್ಲಿ ತುಂಬಿಕೊಂಡಿದ್ದುದರಿಂದ ಈ ಏರ್ಪಾಡು ನನಗೆ ಹಿಡಿಸಿತು: ‘⑦ ಅನ್ನು 3 ಸುತ್ತು ತಿರುಗಿಸಿ’ ಎಂದು ಬರೆದರೆ, ಯಾವುದು ಭಾಗದ ಗುರುತು, ಯಾವುದು ಎಣಿಕೆ ಎಂದು ಓದುವವರು ತಡವರಿಸಬೇಕಾಗಿಲ್ಲ.

ಈ ಚಿಹ್ನೆಗಳನ್ನು ಟೈಪ್ ಮಾಡುವುದು ಕಷ್ಟವೇನಲ್ಲ. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಮಾನಕವಾದ ಯೂನಿಕೋಡ್‌ನಲ್ಲಿ ① ಎಂಬುದರ ಸಂಕೇತ, ಹದಿನಾರರ ಆಧಾರದ ಎಣಿಕೆಯಲ್ಲಿ, 2460. ವರ್ಡ್‌ನಲ್ಲಿ ಆ ಸಂಕೇತವನ್ನು ಬರೆದು ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿಹ್ನೆ ಮೂಡುತ್ತದೆ. ಅಲ್ಲಿಂದ 2473ರವರೆಗೆ ಒಂದರಿಂದ ಇಪ್ಪತ್ತು ಸಾಲಾಗಿ ಸಿಗುತ್ತವೆ. ಇಪ್ಪತ್ತೊಂದನ್ನು ಮಾತ್ರ ಅದರ ಪಕ್ಕದಲ್ಲಿ ಹುಡುಕಿ ಪ್ರಯೋಜನವಿಲ್ಲ. 21ರಿಂದ 35ರವರೆಗಿನವು ಬಹುದೂರದಲ್ಲಿ, ಚೀನೀ, ಜಪಾನೀ ಮತ್ತು ಕೊರಿಯನ್ ಬರಹಕ್ಕೆಂದು ಮೀಸಲಾದ ವಿಭಾಗದಲ್ಲಿವೆ. 36ರಿಂದ 50ರವರೆಗಿನವು ಅದೇ ವಿಭಾಗದ ಇನ್ನೊಂದು ಮೂಲೆಯಲ್ಲಿವೆ. ಇವು ಜಪಾನಿನ ಅಕ್ಷರ ಮಾನಕವೊಂದರ ಮೂಲಕ 2002ರಲ್ಲಿ ಯೂನಿಕೋಡ್‌ನ 3.2ನೆಯ ಆವೃತ್ತಿಯನ್ನು ಸೇರಿದವು. ಸೊನ್ನೆಯಂತೂ ಒಂದರ ಹಿಂದೆ ಇಲ್ಲವೇ ಇಲ್ಲ. ಅದು ವೃತ್ತದೊಳಗಿನ ರೋಮನ್ ಅಕ್ಷರಗಳೆಲ್ಲ ಮುಗಿದ ಮೇಲೆ ಕುಳಿತಿದೆ. ಯಾರೂ ಒಂದೇ ಬಾರಿಗೆ ಯೋಜಿಸಿ ಕಟ್ಟಿದ ವ್ಯವಸ್ಥೆ ಇದಲ್ಲ, ಬೇರೆ ಬೇರೆ ಕಡೆಗಳಿಂದ ಬಂದದ್ದನ್ನು ಇದ್ದ ಜಾಗದಲ್ಲಿ ಸೇರಿಸುತ್ತ ಹೋದದ್ದು.

ನಮ್ಮ ದೊಡ್ಡ ಚಿತ್ರದಲ್ಲಿ ಐವತ್ತಕ್ಕಿಂತ ಹೆಚ್ಚು ಭಾಗಗಳಿದ್ದವು, ಮತ್ತು ವೃತ್ತದೊಳಗಿನ ಐವತ್ತೊಂದು ಯೂನಿಕೋಡ್‌ನಲ್ಲಿ ಇಲ್ಲ. ಯಾವುದೇ ಅಕ್ಷರದ ಸುತ್ತ ವೃತ್ತವನ್ನು ಹೊದಿಸುವ ಒಂದು ಕೂಡುಚಿಹ್ನೆ ಇದೆಯಾದರೂ ಅದು ತನ್ನ ಹಿಂದಿನ ಒಂದೇ ಅಕ್ಷರವನ್ನು ಸುತ್ತುತ್ತದೆ. 51 ಎಂದು ಬರೆದು ಅದನ್ನು ಸೇರಿಸಿದರೆ ಐದು ಹೊರಗೆ ಉಳಿದು ಒಂದು ಮಾತ್ರ ವೃತ್ತದೊಳಗೆ ಹೋಗುತ್ತದೆ. ಮೊಬೈಲ್‌ನ ಕೀಲಿಯಂತೆ ಕಾಣುವ ಎಮೋಜಿ ಅಂಕಿಗಳನ್ನು ಬಳಸೋಣವೆಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಅವುಗಳಲ್ಲಿ ಪ್ರತಿಯೊಂದೂ ನಿಜದಲ್ಲಿ ಮೂರು ಸಂಕೇತಗಳ ಜೋಡಣೆ. ಹತ್ತಕ್ಕೆ ಮಾತ್ರ ಸ್ವತಂತ್ರ ಚಿಹ್ನೆಯಿದೆ, ಹನ್ನೊಂದಕ್ಕೆ ಅದೂ ಇಲ್ಲ. ಕೊನೆಗೆ ಚಿತ್ರವನ್ನೇ ಎರಡಾಗಿ ಒಡೆದು, ಎರಡರಲ್ಲಿಯೂ ①ರಿಂದ ಆರಂಭಿಸಿದೆವು. ಒಂದೇ ಚಿತ್ರದಲ್ಲಿ ಐವತ್ತು ಗೆರೆಗಳನ್ನು ಬೆರಳಿಟ್ಟು ಹಿಂಬಾಲಿಸುವ ತಾಳ್ಮೆ ಯಾರಿಗಿರುತ್ತದೆ?

ಎಚ್ಚರಿಕೆಯ ಸಾಲುಗಳಿಗೆ ಬಿಳಿ ಅಂಕಿಯ ಕಪ್ಪು ವೃತ್ತಗಳನ್ನು ಆಯ್ದಿದ್ದರು. ಅಲ್ಲಿ ❿ ಮತ್ತು ⓫ ಅಕ್ಕಪಕ್ಕ ಬಂದಾಗ ಎರಡರ ಗಾತ್ರವೂ ಬೇರೆ, ಅಂಕಿಯ ದಪ್ಪವೂ ಬೇರೆಯಾಗಿ ಕಂಡಿತು. ಹತ್ತರವರೆಗಿನವು ಹರ್ಮನ್ ಜಾಫ್ ಅವರು 1978ರಲ್ಲಿ ರೂಪಿಸಿದ ಅಲಂಕಾರ ಚಿಹ್ನೆಗಳ ಫಾಂಟ್‌ನಿಂದ ಯೂನಿಕೋಡ್‌ಗೆ ಬಂದವು. ಹನ್ನೊಂದರಿಂದ ಇಪ್ಪತ್ತರವರೆಗಿನವನ್ನು 2002ರಲ್ಲಿ ಸೇರಿಸಲಾಯಿತು. ನಾವು ಬಳಸುತ್ತಿದ್ದ ಕನ್ನಡ ಫಾಂಟ್‌ನಲ್ಲಿ ಇವೆರಡೂ ಇರಲಿಲ್ಲವಾದ್ದರಿಂದ ಕಂಪ್ಯೂಟರ್ ಒಂದನ್ನು ಒಂದು ಫಾಂಟ್‌ನಿಂದಲೂ ಇನ್ನೊಂದನ್ನು ಮತ್ತೊಂದರಿಂದಲೂ ಎರವಲು ತಂದಿತ್ತು. ಎರಡೂ ಗುಂಪುಗಳಿರುವ ಒಂದೇ ಫಾಂಟನ್ನು ಚಿಹ್ನೆಗಳಿಗೆಂದು ಗೊತ್ತುಮಾಡಿದ ಮೇಲೆ ಆ ತೊಡಕು ಕಳೆಯಿತು. ಹಿಂದೆ ಜಪಾನಿನಲ್ಲಿ ಒಂದು ಬಗೆಯ ಕಂಪ್ಯೂಟರ್‌ನಲ್ಲಿ ① ಎಂದು ಬರೆದದ್ದು ಮ್ಯಾಕಿಂಟಾಷ್‌ನಲ್ಲಿ ಆವರಣದೊಳಗಿನ ಭಾನುವಾರದ ಅಕ್ಷರವಾಗಿ ತೋರುತ್ತಿತ್ತು. ಅದಕ್ಕೆ ಹೋಲಿಸಿದರೆ ನಮ್ಮದು ಸಣ್ಣ ತಕರಾರು.

ಕಣ್ಣಿಗೆ ಕಾಣದ ತೊಂದರೆ ಅದಕ್ಕಿಂತ ದೊಡ್ಡದು. ಕೈಪಿಡಿಯಲ್ಲಿ 7 ಎಂದು ಹುಡುಕಿದಾಗ ಒಂದು ತಂತ್ರಾಂಶ ⑦ ಅನ್ನೂ ತೋರಿಸಿತು, ಇನ್ನೊಂದು ಏನೂ ಇಲ್ಲವೆಂದಿತು. ಹುಡುಕುವ ಮುನ್ನ ಪಠ್ಯವನ್ನು ಸಮರೂಪಕ್ಕೆ ತರುವ ತಂತ್ರಾಂಶಗಳು ⑦ ಅನ್ನು ಬರಿಯ 7 ಎಂದೂ, ⑴ ಎಂಬುದನ್ನು ಎರಡು ಆವರಣಗಳ ನಡುವಿನ 1 ಎಂದೂ ಬದಲಿಸಿಕೊಳ್ಳುತ್ತವೆ. ಹುಡುಕಾಟಕ್ಕೆ ಅದು ಅನುಕೂಲ. ಆದರೆ ಹಾಗೆ ಬದಲಾದ ಪಠ್ಯವನ್ನೇ ಉಳಿಸಿಬಿಟ್ಟರೆ ‘7 ಅನ್ನು 3 ಸುತ್ತು’ ಎಂದಾಗಿ, ವೃತ್ತದಿಂದ ಪಡೆದ ಸ್ಪಷ್ಟತೆಯೇ ಅಳಿಸಿಹೋಗುತ್ತದೆ. ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಪರೀಕ್ಷಿಸಿ ನೋಡಿದಾಗ ಕನ್ನಡದ ೭ ಅನ್ನು ಅದು ತಕರಾರಿಲ್ಲದೆ ಏಳೆಂದು ಒಪ್ಪಿತು, ⑦ ಅನ್ನು ಪೂರ್ಣಾಂಕವಾಗಿಸಲು ಹೇಳಿದಾಗ ದೋಷವೆಂದು ಹಿಂದಿರುಗಿಸಿತು. ಯೂನಿಕೋಡ್‌ನ ಲೆಕ್ಕದಲ್ಲಿ ೭ ದಶಮಾನ ಅಂಕಿ. ⑦ಕ್ಕೆ ಏಳರ ಮೌಲ್ಯವಿದ್ದರೂ ಅದು ‘ಇತರ ಸಂಖ್ಯೆ’ಗಳ ಗುಂಪಿಗೆ ಸೇರಿದ್ದು. ಈ ವಿಂಗಡಣೆ ನನಗೆ ಸರಿಯೆಂದೇ ತೋರುತ್ತದೆ, ಏಕೆಂದರೆ ①ರ ಮುಂದೆ ② ಬರೆದು ಹನ್ನೆರಡು ಎಂದು ಯಾರೂ ಓದುವುದಿಲ್ಲ.

ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶವಾದ ಸ್ಕ್ರೀನ್ ರೀಡರ್‌ನಿಂದ ಓದಿಸಿ ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು. ನಮ್ಮಲ್ಲಿದ್ದ ಧ್ವನಿ ಚಿಹ್ನೆಯನ್ನು ಉಚ್ಚರಿಸದೆ ದಾಟಿ, ‘ಅನ್ನು ಎಡಕ್ಕೆ ತಿರುಗಿಸಿ’ ಎಂದಷ್ಟೇ ಹೇಳಿತು. ಏನನ್ನು ತಿರುಗಿಸಬೇಕೆಂಬುದೇ ಕೇಳುವವರಿಗೆ ತಿಳಿಯದ ಸೂಚನೆ ಅದು. ಆದ್ದರಿಂದ ಚಿಹ್ನೆ ಒಂಟಿಯಾಗಿ ನಿಲ್ಲದಂತೆ ಎಲ್ಲೆಡೆಯೂ ಭಾಗದ ಹೆಸರನ್ನು ಮುಂದಿಟ್ಟು, ‘ಹಿಡಿಕೆಯನ್ನು ③ ಎಡಕ್ಕೆ ತಿರುಗಿಸಿ’ ಎಂಬ ರೂಪಕ್ಕೆ ತಂದೆವು. ಕೆಲಸದ ಹಂತಗಳ ಪಟ್ಟಿಗಳಿಂದ ವೃತ್ತಗಳನ್ನು ಪೂರ್ತಿಯಾಗಿ ತೆಗೆದು ತಂತ್ರಾಂಶದ ಸ್ವಯಂಚಾಲಿತ ಎಣಿಕೆಗೆ ಬಿಟ್ಟೆವು. ನಡುವೆ ಒಂದು ಹಂತ ಸೇರಿದರೆ ಮುಂದಿನ ಚಿಹ್ನೆಗಳನ್ನೆಲ್ಲ ಕೈಯಿಂದ ಬದಲಿಸುವುದು ವ್ಯರ್ಥ ಶ್ರಮ.

ಕೊನೆಗೆ ಉಳಿದದ್ದು ಬಿಡಿಭಾಗಗಳ ಕೋಷ್ಟಕ. ಅದನ್ನು ಕ್ರಮಕ್ಕೆ ತರಲು ಹೇಳಿದಾಗ ಸಂಕೇತದ ಅನುಕ್ರಮವನ್ನು ಹಿಡಿಯುವ ತಂತ್ರಾಂಶ ಚಿಹ್ನೆಗಳನ್ನು ಸರಿಯಾಗಿಯೇ ಜೋಡಿಸಿತು, ಅಕ್ಷರಾನುಕ್ರಮದ ನಿಯಮವನ್ನು ಅನುಸರಿಸುವುದು ⑩ ಅನ್ನು ತಂದು ②ಕ್ಕಿಂತ ಮೊದಲು ಕೂರಿಸಿತು. ಹಾಗಾಗಿ ಕೋಷ್ಟಕದ ಮೊದಲ ಕಾಲಂನಲ್ಲಿ ಸಾಮಾನ್ಯ ಅಂಕಿಗಳನ್ನೇ ತುಂಬಿ ಕ್ರಮಕ್ಕೆ ಅದನ್ನು ಆಧಾರವಾಗಿಸಿ, ವೃತ್ತದ ಚಿಹ್ನೆಗೆ ಚಿತ್ರದೊಂದಿಗೆ ತಾಳೆ ನೋಡಲು ಬೇಕಾದ ಎರಡನೆಯ ಕಾಲಂ ಅನ್ನು ಬಿಟ್ಟುಕೊಟ್ಟು, ಕಡತವನ್ನು ಅಚ್ಚಿಗೆ ಕಳುಹಿಸಿದೆವು.