ಗೊತ್ತೈತಿ ಮಾಮ, ಆದ್ರೂ ಸತ್ತ

"ಲೇ, ಗೊಂಬಿ ಅದು."

"ಗೊತ್ತೈತಿ ಮಾಮ. ಆದ್ರೂ ಸತ್ತ."

ಭಾನುವಾರ ಸಂಜೆಯಿಂದ ಈ ಎರಡು ಮಾತು ತಲೆಯಿಂದ ಹೋಗುತ್ತಿಲ್ಲ. ದಾವಣಗೆರೆಯ ಒಂದು ಸಭಾಂಗಣ, ಮಕ್ಕಳ ಕಾರ್ಯಕ್ರಮ. ನನ್ನ ಮುಂದಿನ ಸಾಲಲ್ಲಿ ಏಳೆಂಟು ವರ್ಷದ ಹುಡುಗ, ಪಕ್ಕದಲ್ಲಿ ಅವನ ಸೋದರಮಾವ. ವೇದಿಕೆ ಮೇಲೆ ಒಂದು ಮೇಜು, ಮೇಜಿನ ಮೇಲೆ ಮಂಡಕ್ಕಿ ಭಟ್ಟಿಯ ಅಜ್ಜ.

ಅಜ್ಜ ಅಂದರೆ ಗೊಂಬೆ. ಕಾಗದ ನೆನೆಸಿ ಅರೆದು ಮಾಡಿದ ತಲೆ, ಮಾಸಿದ ಬನಿಯನ್, ಮಂಡಿವರೆಗೆ ಎತ್ತಿ ಕಟ್ಟಿದ ಲುಂಗಿ. ಆಡಿಸೋರು ಮೂರು ಜನ. ಒಬ್ಬ ಹುಡುಗಿ ತಲೆ ಮತ್ತು ಬಲಗೈ ಹಿಡಿದಿದ್ದಳು, ಇನ್ನೊಬ್ಬ ಎಡಗೈ, ಮತ್ತೊಬ್ಬ ಬಗ್ಗಿ ಕಾಲು. ಜಪಾನಿನ ಬುನ್ರಾಕು ಗೊಂಬೆಯಾಟದಲ್ಲಿ ಹೀಗೇ ಮೂವರು ಸೇರಿ ಒಂದು ಗೊಂಬೆ ಆಡಿಸುತ್ತಾರೆ. ಅಲ್ಲಿ ಮುಖ್ಯ ಆಟಗಾರ ಮುಖ ತೋರಿಸುವುದುಂಟು, ಉಳಿದಿಬ್ಬರು ಕಪ್ಪು ಮುಸುಕು ಹಾಕಿರುತ್ತಾರೆ. ಇಲ್ಲಿ ಮೂವರ ಮುಖವೂ ಕಾಣುತ್ತಿತ್ತು. ಪರದೆ ಇಲ್ಲ, ದಾರ ಇಲ್ಲ. "ಇವರೆಲ್ಲ ಕಾಣಿಸ್ತಾರಲ್ರೀ, ಅಡ್ಡ ಏನಾದ್ರೂ ಕಟ್ಟಬಾರದಾ" ಅಂತ ಹಿಂದಿನಿಂದ ಯಾರೋ ಅಂದರು. ಸ್ವಲ್ಪ ಹೊತ್ತಿಗೆ ಅವರೂ ಸುಮ್ಮನಾದರು. ಅಷ್ಟರಲ್ಲಿ ನಾವ್ಯಾರೂ ಆ ಮೂವರನ್ನು ನೋಡುತ್ತಿರಲಿಲ್ಲ.

ಅಜ್ಜ ಭಟ್ಟಿ ಮುಂದೆ ಕೂತು ಮಂಡಕ್ಕಿ ಹುರಿಯುತ್ತಾನೆ, ಹೊಗೆಗೆ ಕೆಮ್ಮುತ್ತಾನೆ, ಮೊಮ್ಮಗಳಿಗೆ ಒಂದು ಹಿಡಿ ಕೊಡುತ್ತಾನೆ. ಕೊನೆಗೆ ಒಂದು ಕೆಮ್ಮು ಬಂದು, ಎದೆ ಒಂದು ಸಲ ಮೇಲೆದ್ದು, ಇಳಿಯಿತು. ಮತ್ತೆ ಏಳಲಿಲ್ಲ. ಹುಡುಗಿ ಗೊಂಬೆಯ ತಲೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಕೈ ಮಾತ್ರ ತಕ್ಷಣ ತೆಗೆಯಲಿಲ್ಲ.

"ಅಜ್ಜ ಸತ್ತ!" ಅಂತ ಹುಡುಗ ಎದ್ದು ನಿಂತೇಬಿಟ್ಟ. ಆಗಲೇ ಮಾವ ಅವನ ಅಂಗಿ ಹಿಡಿದು ಕೂರಿಸಿ ಆ ಮಾತು ಹೇಳಿದ್ದು. ಹುಡುಗ ಅಳಲಿಲ್ಲ, ಮಾವನ ಕಡೆ ತಿರುಗಲೂ ಇಲ್ಲ, ಗೊಂಬೆ ನೋಡುತ್ತಲೇ ಉತ್ತರ ಕೊಟ್ಟ. ಗೊತ್ತೈತಿ ಮಾಮ. ಆದ್ರೂ ಸತ್ತ.

ಆ ಮಾವ ಕೆಟ್ಟ ಮನುಷ್ಯ ಅಂತ ನನಗೆ ಅನ್ನಿಸಲಿಲ್ಲ. ಹುಡುಗ ಹೆದರಿಯಾನು ಅಂತ ಅವರಿಗೆ ದಿಗಿಲು. ನಮ್ಮ ಮನೆಗಳಲ್ಲೂ ಇದೇ ತಾನೆ? ಯಾರಾದರೂ ತೀರಿಕೊಂಡರೆ ಮೊದಲು ಮಕ್ಕಳನ್ನು ಪಕ್ಕದ ಮನೆಗೆ ಕಳಿಸುತ್ತೇವೆ. ಆಮೇಲೆ ಅಜ್ಜ ಊರಿಗೆ ಹೋಗಿದ್ದಾರೆ ಅಂತ ಹೇಳುತ್ತೇವೆ. ಮಕ್ಕಳಿಗೆ ಗೊತ್ತೇ ಇರುತ್ತದೆ, ಗೊತ್ತು ಅಂತ ಹೇಳಲು ಒಂದು ಜಾಗ ಮಾತ್ರ ಇರುವುದಿಲ್ಲ. ಭಾನುವಾರ ಆ ಮೇಜು ಅಂಥ ಜಾಗವಾಗಿತ್ತು.

ಆಟ ಮುಗಿದ ಮೇಲೆ ಆ ಹುಡುಗಿಯನ್ನು ಮಾತಾಡಿಸಿದೆ. "ಸಾಯೋದು ಅಷ್ಟು ನಿಜ ಹೇಗೆ ಕಂಡಿತಮ್ಮ?" ಅಂದೆ.

"ಅಕ್ಕಾ, ಮೊದಲಿಂದ ಉಸಿರಾಡಿಸಿದ್ರೆ ತಾನೇ ಕೊನೇಲಿ ನಿಲ್ಲಿಸೋಕೆ ಬರೋದು" ಅಂದಳು.

ಮೂವರೂ ಒಟ್ಟಿಗೆ ಉಸಿರೆಳೆಯುತ್ತಾರಂತೆ. ಅವರ ಹೆಗಲು ಎದ್ದರೆ ಗೊಂಬೆಯ ಎದೆಯೂ ಏಳಬೇಕು. ಯಾರೂ ಬಾಯಿಬಿಟ್ಟು ಒಂದು ಎರಡು ಎಣಿಸುವ ಹಾಗಿಲ್ಲ, ಉಸಿರಿನ ಸದ್ದೇ ಸನ್ನೆ. ದಕ್ಷಿಣ ಆಫ್ರಿಕಾದ ಹ್ಯಾಂಡ್‌ಸ್ಪ್ರಿಂಗ್ ತಂಡದವರು 2007ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ನಾಟಕಕ್ಕೆ ನಿಜವಾದ ಕುದುರೆಯಷ್ಟೇ ದೊಡ್ಡ ಗೊಂಬೆ ಕುದುರೆ ಕಟ್ಟಿದ್ದರಲ್ಲ, ಅವರೂ ಉಸಿರೇ ಮೊದಲು ಅನ್ನುವವರು. ಈ ಹುಡುಗಿ ಆ ಕುದುರೆಯನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಾಳೋ, ಅದರ ಕಿವಿ ಅಲ್ಲಾಡುವುದನ್ನು ಬೆರಳಲ್ಲೇ ಮಾಡಿ ತೋರಿಸಿದಳು.

ನನಗೆ ನಮ್ಮ ತೊಗಲು ಗೊಂಬೆ ನೆನಪಾಯಿತು. ಮೇಕೆ ಚರ್ಮದ ಕೂದಲು ತೆಗೆದು, ಒಣಗಿಸಿ, ಉಳಿಯಲ್ಲಿ ಸಣ್ಣ ಸಣ್ಣ ತೂತು ಹೊಡೆದು, ಬಣ್ಣ ಹಾಕಿದ ಗೊಂಬೆ. ಈ ಆಟವೇ ಕಸುಬಾಗಿದ್ದ ಕಿಳ್ಳೇಕ್ಯಾತ ಸಮುದಾಯದವರು ಮನೆಮಂದಿಯೆಲ್ಲ ಪರದೆ ಹಿಂದೆ ಕೂತು ಹಾಡಿ, ಮಾತಾಡಿ, ಆಡಿಸುತ್ತಿದ್ದ ಆಟ. ಮಳೆ ಬರಲಿ ಅಂತಲೇ ಊರವರು ಈ ಆಟ ಆಡಿಸುವ ಪದ್ಧತಿ ಇತ್ತು. ನಮ್ಮ ಈ ಬರದ ಸೀಮೆಯಲ್ಲಿ ಅದಕ್ಕೆ ಎಷ್ಟು ಬೆಲೆ ಇದ್ದಿರಬೇಕು ಯೋಚಿಸಿ. ಆಗ ಪರದೆ ಹಿಂದೆ ಎಣ್ಣೆ ದೀಪ. ದೀಪ ಅಲುಗಿದರೆ ನೆರಳೂ ಅಲುಗುತ್ತದೆ, ಸುಮ್ಮನೆ ನಿಂತ ರಾಮನೂ ಉಸಿರಾಡುತ್ತಾನೆ. ಬಲ್ಬು ಬಂದ ಮೇಲೆ ಬೆಳಕು ಜಾಸ್ತಿ ಆಯಿತು, ಆ ಅಲುಗಾಟ ಹೋಯಿತು. ಈಗ ಅದನ್ನೂ ಕೈಯೇ ಕೊಡಬೇಕು.

ಇನ್ನೊಂದು ವಿಷಯ. ತೊಗಲು ಗೊಂಬೆಗಳಲ್ಲಿ ದೇವರು, ರಾಜರು ದೊಡ್ಡವರು, ಆಳುಕಾಳುಗಳು ಸಣ್ಣವರು. ಗೊಂಬೆಯ ಅಳತೆಯಲ್ಲೇ ಅಂತಸ್ತು ಗೊತ್ತಾಗುತ್ತದೆ. ಭಾನುವಾರದ ಆಟದಲ್ಲಿ ಭಟ್ಟಿ ಮಾಲೀಕನೂ ಇದ್ದ, ಅಜ್ಜನ ಅರ್ಧದಷ್ಟು. ದೊಡ್ಡ ಗೊಂಬೆ ಕೂಲಿಯವನದು. ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬೆಳಗಲ್ಲು ವೀರಣ್ಣನವರು ರಾಮಾಯಣದ ತೊಗಲು ಗೊಂಬೆಗೆ ಸ್ವಾತಂತ್ರ್ಯ ಹೋರಾಟ ತಂದರು, ಗಾಂಧೀಜಿಯನ್ನು ತಂದರು. ಬಳ್ಳಾರಿಯ ಆ ಹಿರಿಯರು 2023ರಲ್ಲಿ ನಮ್ಮ ಚಳ್ಳಕೆರೆ ಹತ್ತಿರವೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಗೊಂಬೆಯಾಟ ಇವತ್ತಿನ ಮಾತು ಆಡಬಲ್ಲದು ಅಂತ ತೋರಿಸಿದವರು ಅವರು. ಭಟ್ಟಿಯ ಅಜ್ಜ ಕೂಡ ಅದೇ ದಾರಿಯಲ್ಲಿ ಬಂದವನು ಅಂತ ನಾನು ನಂಬುತ್ತೇನೆ.

ಸಿಟ್ಟು ಬಂದದ್ದು ಇನ್ನೊಂದಕ್ಕೆ. ಆಟಕ್ಕೆ ಮುಂಚೆ ಒಬ್ಬ ಅತಿಥಿ ಇದು ಅಳಿದುಹೋಗುತ್ತಿರುವ ಕಲೆ, ಉಳಿಸಬೇಕು ಅಂತ ಮುಕ್ಕಾಲು ತಾಸು ಮಾತಾಡಿದರು. ಮಾತು ಮುಗಿಸಿ, ಶಾಲು ಮಡಚಿಕೊಂಡು, ಆಟ ಶುರುವಾಗುವ ಮೊದಲೇ ಹೊರಟುಹೋದರು. ಸಂಘಟಕರು ತಂಡದವರ ಹತ್ತಿರ ಬಂದು "ಬೇಗ ಮುಗಿಸ್ರಪ್ಪಾ, ಹಾಲ್ ಬಿಟ್ಟುಕೊಡ್ಬೇಕು" ಅಂದರು. ಮೊಮ್ಮಗಳು ಸಂತೆಯಲ್ಲಿ ಮಂಡಕ್ಕಿ ಮಾರುವ ದೃಶ್ಯ ಇತ್ತಂತೆ, ಅದನ್ನು ಬಿಟ್ಟೇ ಆಡಿದರು. ಅಳಿಯುತ್ತಿದೆ ಅಂತ ಹೇಳುವವರು ಕೂತು ನೋಡಬೇಡವೇ? 2024ರಲ್ಲಿ ಅನುಪಮಾ ಹೊಸಕೆರೆ ಅವರಿಗೆ, 2025ರಲ್ಲಿ ಕೊಪ್ಪಳದ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ಇಬ್ಬರೂ ಗೊಂಬೆಯಾಟದವರು, ಭೀಮವ್ವನವರಿಗೆ ಆಗ ತೊಂಬತ್ತು ದಾಟಿತ್ತು. ಕಲೆ ಇದೆ, ಕಲಾವಿದರೂ ಇದ್ದಾರೆ. ಅವರಿಗೆ ಕೊಡಬೇಕಾದ ಹೊತ್ತನ್ನು ನಾವು ಭಾಷಣಕ್ಕೆ ಕೊಡುತ್ತಿದ್ದೇವೆ.

ಹಾಲ್ ಬಿಡುವಾಗ ಆ ಹುಡುಗ ಮೇಜಿನ ಹತ್ತಿರ ಹೋಗಿದ್ದ. ಗೊಂಬೆಯನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. "ನಾಳೆ ಮತ್ತೆ ಏಳ್ತಾನಾ?" ಅಂತ ಕೇಳಿದ. "ನಾಳೆ ಹರಿಹರದಾಗ ಏಳ್ತಾನೆ" ಅಂದಳು ಹುಡುಗಿ. ಅವನು ಮಾವನ ಮುಖ ನೋಡಿದ. ಮಾವ ಈ ಸಲ ಗೊಂಬಿ ಅದು ಅನ್ನಲಿಲ್ಲ, ಹರಿಹರದಲ್ಲಿ ಎಷ್ಟು ಗಂಟೆಗೆ ಅಂತ ಕೇಳಿದರು.

ಈ ಸಲದ ಗಣಪತಿಗೆ ಈ ತಂಡವನ್ನು ಕರೆಸೋಣ ಅಂತ ನಮ್ಮ ಓಣಿಯ ಹುಡುಗರಿಗೆ ಹೇಳಿದ್ದೇನೆ. ಪೂರ್ತಿ ಆಟ, ಸಂತೆಯ ದೃಶ್ಯವೂ ಸೇರಿ, ಮುಂಚೆ ಭಾಷಣ ಇಲ್ಲ. ಆರ್ಕೆಸ್ಟ್ರಾ ಬಿಡೋಕಾಗಲ್ಲ ಅಕ್ಕಾ ಅಂದರು. ಬಿಡಬೇಡಿ, ಅದಕ್ಕೊಂದು ರಾತ್ರಿ, ಇದಕ್ಕೊಂದು ರಾತ್ರಿ ಅಂದೆ. ದುಡ್ಡು ಎಷ್ಟಾಗುತ್ತೆ ಕೇಳಿ ಹೇಳ್ರಿ ಅಂದಿದ್ದಾರೆ. ಹುಡುಗಿಯ ನಂಬರ್ ಇದೆ, ಇವತ್ತು ಫೋನ್ ಮಾಡುತ್ತೇನೆ.